ವಳಸಂಗ ದಾಟಿ ಎರಡು ಮೈಲು

ಅಕ್ಕಲಕೋಟೆ
೨೨-೧-೧೯೭೪

ಅಣ್ಣನವರಿಗೆ ಸುಗಲಾಳ ನಮಸ್ಕಾರಗಳು.

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಆಗುವುದು ಒಂದು ವರ್ಷ ಎರಡು ತಿಂಗಳ ಹಿಂದೆಯೇ ಆಗಿಹೋಯಿತು. ಇವರ ಮಣ್ಣಿಗೆ ನೀವು ಬಂದಿರಿ, ಬೇವಿನ ಗಿಡದ ಕೆಳಗೆ ನಿಂತಿರಿ, ಗುಟುಕು ನೀರೂ ಕುಡಿಯದೆ ಹೊರಟಿರಿ. ಅಷ್ಟಾದರೂ ಬಂದಿರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಪಂಚಮಿಗೆ ಕರೆಯಲು ಬನ್ನಿ ಎಂದು ಬೇಡುವ ಪತ್ರವೂ ಇದಲ್ಲ. ಹನ್ನೆರಡು ಪಂಚಮಿ ಬಾಗಿಲಲ್ಲಿ ನಿಂತು ನೋಡಿದವಳು ನಾನು. ಕಾಯುವುದು ಚೆನ್ನಾಗಿ ರೂಢಿಯಾಗಿದೆ.

ಸಂಗತಿ ಬೇರೆ. ಹೋದ ಸೋಮವಾರ ಪುಣೆಯಿಂದ ಒಬ್ಬ ಗೃಹಸ್ಥರು ಬಂದಿದ್ದರು. ಹಳೆಯ ಫಾರಿನ್ ಗಾಡಿಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಹತ್ತಿ ಇಡುವ ಶೆಡ್ಡಿನಲ್ಲಿರುವ ಇವರ ಜಾಗ್ವಾರ್ ಗಾಡಿಗೆ ಎರಡು ಸುತ್ತು ಹಾಕಿದರು, ದೇವರ ಗುಡಿಗೆ ಹಾಕಿದ ಹಾಗೆ. ಆಮೇಲೆ, ಸೋಲಾಪುರದಲ್ಲಿ ನಿಮ್ಮ ಅಣ್ಣನ ಹತ್ತಿರ ಜರ್ಮನಿಯ ಮರ್ಸಿಡಿಸ್ ಇದೆಯಂತಲ್ಲ, ನನಗೆ ಎರಡರಲ್ಲಿ ಒಂದೇ ಬೇಕು ಎಂದರು. "ಬಾಈ, ದೋನ್ಹೀಂತ ಚಾಂಗಲೀ ಕೋಣತೀ?" ಎರಡರಲ್ಲಿ ಒಳ್ಳೆಯದು ಯಾವುದು ಹೇಳಿ ಎಂದು ನನ್ನ ಮುಖ ನೋಡಿದರು.

ಆ ಎರಡು ಗಾಡಿಗಳ ಸಲುವಾಗಿ ನನ್ನ ತವರು ಹೋಯಿತು, ಆದರೆ ಎರಡರಲ್ಲಿ ಯಾವುದು ಹೆಚ್ಚು ಎಂದು ನನಗೇ ಗೊತ್ತಿಲ್ಲ! ಇದಕ್ಕಿಂತ ದೊಡ್ಡ ಹುಚ್ಚು ಯಾವುದಿದೆ? ನೀವೇ ಹೇಳಬೇಕು. ಗೃಹಸ್ಥರು ಜ್ಯೇಷ್ಠದಲ್ಲಿ ಮತ್ತೆ ಬರುತ್ತಾರಂತೆ.

ವೈನಿಯವರಿಗೆ ನನ್ನ ನೆನಪು ಹೇಳಿ.

ನಿಮ್ಮ ತಂಗಿ
ಸುಗಲಾಬಾಯಿ

•

ಸೋಲಾಪುರ
೧-೨-೧೯೭೪

ಚಿ. ಸುಗಲಾಬಾಯಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಜರ್ಮನ್ ಗಾಡಿ ಹೆಚ್ಚು. ೧೯೬೨ರಲ್ಲೇ ಜಗತ್ತಿಗೆ ಗೊತ್ತಾಗಿದೆ. ಪುಣೆಯವರಿಗೆ ಹಾಗೆಯೇ ತಿಳಿಸು.

ಕಲ್ಯಾಣಪ್ಪ

•

ಅಕ್ಕಲಕೋಟೆ
೬-೨-೧೯೭೪

ಅಣ್ಣಾ,

ಹತ್ತು ಪೈಸೆಯ ಕಾರ್ಡಿನಲ್ಲಿ ಮುಕ್ಕಾಲು ಖಾಲಿ ಬಿಟ್ಟಿದ್ದೀಯ. ವ್ಯಾಪಾರಿ ಮನುಷ್ಯ, ಇಷ್ಟು ಜಾಗ ದಂಡ ಮಾಡಬಹುದೇ? ತಾವು-ನೀವು ಎಂದು ಬರೆದು ನೋಡಿದೆ, ಕೈಗೆ ಒಗ್ಗಲಿಲ್ಲ. ಇನ್ನು ಮೊದಲಿನ ಹಾಗೆ ನೀನು ಎಂದೇ ಬರೆಯುವೆ.

ಚಿ. ಮುಂದೆ ನೀನು ಸೌ. ಎಂದು ಬರೆದು ಗೀಟು ಹಾಕಿದ್ದೀಯ. ಕಾರ್ಡನ್ನು ಬಿಸಿಲಿಗೆ ಹಿಡಿದಾಗ ಕಂಡಿತು. ನನಗೆ ಅಳು ಬಂತು. ನಿನ್ನ ಕೈಗೆ ಇನ್ನೂ ನಾನು ಸೌಭಾಗ್ಯವತಿ.

ಇರಲಿ, ಗಾಡಿಯ ಮಾತಿಗೆ ಬರೋಣ. ಜಗತ್ತಿಗೆ ಗೊತ್ತಾದದ್ದು ಏನು? ಮುಂಬಯಿಗೆ ಇಬ್ಬರೂ ಕೂಡಿ ಹೋದಿರಿ. ವಿಲಾಯತಿಗೆ ಹೊರಟಿದ್ದ ಇಂಗ್ಲಿಷ್ ಸಾಹೇಬನದು ಇವರು ಕೊಂಡರು, ಜರ್ಮನ್ ಇಂಜಿನಿಯರನದು ನೀನು ಕೊಂಡೆ. ಆವತ್ತಿನಿಂದ ಇಬ್ಬರಿಗೂ ಅನ್ನ ಸೇರಲಿಲ್ಲ. ನನ್ನದು ಹೆಚ್ಚು, ನನ್ನದು ಹೆಚ್ಚು. ಕಡೆಗೆ ಪಂದ್ಯ ಕಟ್ಟಿದಿರಿ. ಅದೂ ಎಂಥ ಪಂದ್ಯ! ಜೋಡಿಯಾಗಿ ಓಡಿಸುವಷ್ಟು ರಸ್ತೆ ಅಗಲವಿಲ್ಲ ಎಂದು ಒಬ್ಬರು ಸೋಲಾಪುರದಿಂದ, ಒಬ್ಬರು ಅಕ್ಕಲಕೋಟೆಯಿಂದ ಬೆಳಿಗ್ಗೆ ಏಳಕ್ಕೆ, ನಿಮ್ಮೂರ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ಸರಿಯಾಗಿ ಬಿಡುವುದು. ಎದುರಾದ ಜಾಗದಲ್ಲಿ ನಿಲ್ಲುವುದು. ಇಪ್ಪತ್ತನಾಲ್ಕು ಮೈಲಿನ ಹಾದಿಗೆ ನಡುಮಧ್ಯೆ ವಳಸಂಗ. ಯಾರು ಅದನ್ನು ದಾಟಿದರೋ ಅವರು ಗೆದ್ದರು. ನೀನು ವಳಸಂಗ ದಾಟಿ ಎರಡು ಮೈಲು ಈಚೆಗೆ ಬಂದಿದ್ದೆ. ಇವರು ಇಳಿದವರೇ ಎಲ್ಲರೆದುರು ಅಂದುಬಿಟ್ಟರು: "ನಿನ್ನ ಗಾಡಿ ಇಷ್ಟು ದೂರ ಬರಾಕ ಸಾಧ್ಯನಽ ಇಲ್ಲ. ನೀ ಭೋಂಗಾ ಆಗೂಕಿಂತ ಮೊದ್ಲ ಬಿಟ್ಟೀ. ಬೇಮಾನಿ ಅದೀ ನೀ!"

ಮೋಸಗಾರ ಎಂಬ ಆ ಒಂದು ಶಬ್ದಕ್ಕೆ ನೀನು ಹೊಸಿಲು ಬಿಟ್ಟೆ. ಅದರಿಂದ ಮನುಷ್ಯರ ಸಿಟ್ಟು ಎಷ್ಟೆಂದು ಗೊತ್ತಾಯಿತು. ಗಾಡಿಯ ಗುಣ ಗೊತ್ತಾಗಲಿಲ್ಲ. ಆದ್ದರಿಂದ ನನಗೆ ಮೊದಲಿನಿಂದ ಹೇಳು. ನಿನ್ನ ಗಾಡಿಯಲ್ಲಿ ಕೂತರೆ ಹೇಗಿರುತ್ತದೆ? ಇವರ ಗಾಡಿಯಲ್ಲಿ ಕೂತರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗಿರುತ್ತದೆ, ಮುಂದೆ ಮೂತಿ ಉದ್ದಕ್ಕೆ ಹೋಗಿಯೇ ಹೋಗುತ್ತದೆ. ತುದಿಯಲ್ಲಿರುವ ನೆಗೆಯುವ ಚಿರತೆಗೆ ನಮ್ಮ ಡ್ರೈವರ್ ಖಂಡಪ್ಪ ಈಗಲೂ ದಿನಾ ವಿಭೂತಿ ಹಚ್ಚುತ್ತಾನೆ.

ಸುಗಲಾ

•

ಸೋಲಾಪುರ
೩-೩-೧೯೭೪

ಚಿ. ಸುಗಲಾ,

ಹಳೆಯದನ್ನು ಕೆದಕಬೇಡ. ಗಾಡಿಯ ಬಗ್ಗೆ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಗಾಡಿಯ ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸದ್ದು. ಒಳಗೆ ಒಂದು ತಿರುಪು ಸಹ ಅಲುಗುವುದಿಲ್ಲ. ಇಂಗ್ಲಿಷ್ ಗಾಡಿಗೆ ಆರು ಸಿಲಿಂಡರು, ನನ್ನದಕ್ಕೆ ನಾಲ್ಕೇ. ಆದರೆ ಆ ನಾಲ್ಕು ಮಾಡುವ ಕೆಲಸ ಅಚ್ಚುಕಟ್ಟು. ಆಂಗ್ಲರು ಗಾಡಿಯನ್ನು ಹೆಂಗಸಿನ ಹಾಗೆ ಸಿಂಗರಿಸುತ್ತಾರೆ, ಜರ್ಮನರು ಗಡಿಯಾರದ ಹಾಗೆ ಕಟ್ಟುತ್ತಾರೆ. ಇದನ್ನು ನಿನ್ನ ಗಂಡ ಅಮೃತಪ್ಪನ ಎದುರಿಗೇ ಹೇಳಿದ್ದೆ. ಅವನು, "ಹಂಗಾರ ನೀ ಗಡಿಯಾರ ಹತ್ತಿ ಹೋಗೋ, ನಾ ಗಾಡಿ ಹತ್ತಿ ಬರ್ತೀನಿ" ಅಂದ. ಮಾತಿಗೆ ಎಂದೂ ಸೋತವನಲ್ಲ.

ಒಂದು ತೊಂದರೆ ಒಪ್ಪುತ್ತೇನೆ. ನನ್ನ ಗಾಡಿಯ ಸ್ಟೇರಿಂಗ್ ಎಡಗಡೆ. ಎತ್ತಿನ ಗಾಡಿ ಹಿಂದೆ ಹಾಕಬೇಕಾದರೆ ಎದುರಿನ ರಸ್ತೆ ನನಗೆ ಕಾಣುವುದಿಲ್ಲ, ಬಲಗಡೆ ಕೂತ ನಿಮ್ಮ ವೈನಿಗೆ ಕಾಣುತ್ತದೆ. ಆಕೆ "ಹೋಗ್ರಿ" ಅಂದರೆ ಹೋಗಬೇಕು, "ಬ್ಯಾಡ್ರಿ" ಅಂದರೆ ನಿಲ್ಲಬೇಕು. ಮನೆಯಲ್ಲಿ ನಾನು ಆಕೆಯ ಮಾತು ಕೇಳುವ ಜಾಗ ಅದೊಂದೇ ಎಂದು ಚಾಟಿ ಗಲ್ಲಿಯವರೆಲ್ಲ ನಗುತ್ತಾರೆ. ವೇಗದ ಮಾತು ಕೇಳಬೇಡ. ಆವತ್ತು ಮುಳ್ಳು ನೂರರ ಮೇಲಿತ್ತು. ಅಮೃತಪ್ಪನೇ ತನ್ನದು ಎಪ್ಪತ್ತು ಅಂದಿದ್ದ.

ಗಾಡಿ ಒಂದು ವರ್ಷ ನಿಂತಿದ್ದರೆ ಹಾಗೆಯೇ ಚಾಲೂ ಮಾಡಬೇಡ. ಪ್ಲಗ್ ಬಿಚ್ಚಿ ಒಂದೊಂದು ತೂತಿಗೆ ಒಂದು ಚಮಚ ಎಣ್ಣೆ ಬಿಡಿಸು. ಒಂದು ದಿನ ಬಿಟ್ಟು ಕೈಯಿಂದ ತಿರುಗಿಸಲು ಹೇಳು. ಖಂಡಪ್ಪನಿಗೆ ಅವಸರ ಜಾಸ್ತಿ.

ಕಲ್ಯಾಣಪ್ಪ

•

ಅಕ್ಕಲಕೋಟೆ
೨೮-೩-೧೯೭೪

ಅಣ್ಣಾ,

ನೀನು ಹೇಳಿದ ಹಾಗೆ ಎಣ್ಣೆ ಬಿಟ್ಟೆವು. ಮೂರನೆಯ ದಿನ ಗಾಡಿ ಕೆಮ್ಮಿತು, ಆಮೇಲೆ ಗುಡುಗಿತು. ಶೆಡ್ಡಿನ ಪಾರಿವಾಳಗಳೆಲ್ಲ ಹಾರಿ ಹೋದವು. ನಾನು ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಇವರು ಪೇಟೆಯಿಂದ ತಿರುಗಿ ಬಂದಾಗ ಓಣಿಯ ಆ ತುದಿಗೆ ಕೇಳುತ್ತಿದ್ದ ಸದ್ದು ಅದೇ.

ಈಗ ಹೇಳುವುದನ್ನು ಕೂತುಕೊಂಡು ಓದು. ನಾನು ಗಾಡಿ ಹೊಡೆಯುವುದನ್ನು ಕಲಿಯುತ್ತಿದ್ದೇನೆ. ನಲವತ್ತೇಳನೆಯ ವರ್ಷಕ್ಕೆ! ಹೊಲದ ದಾರಿಯಲ್ಲಿ ಖಂಡಪ್ಪ ಪಕ್ಕದಲ್ಲಿ ಕೂತು "ಅಕ್ಕಾರ, ಕ್ಲಚ್ಚ ಒತ್ರಿ, ಸಾವಕಾಶ, ಸಾವಕಾಶ" ಎಂದು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮೊದಲನೆಯ ಗೇರು ಬಹಳ ಹಟಮಾರಿ. ಗಾಡಿ ಪೂರ್ತಿ ನಿಲ್ಲದೆ ಬೀಳುವುದೇ ಇಲ್ಲ. ಬ್ರೇಕು ಮಾತ್ರ ಒಳ್ಳೆಯದು, ಒತ್ತಿದರೆ ನಿಂತಿತೆಂದೇ ಅರ್ಥ. ಗಂಡ ಸತ್ತವಳಿಗೆ ಇದೇನು ಸೊಕ್ಕು ಎಂದು ಊರು ಆಡಿಕೊಳ್ಳುತ್ತಿದೆ. ಆಡುವವರ ಬಾಯಿಗೆ ಅಗಸಿ ಬಾಗಿಲು ಇದೆಯೇ?

ಒಂದು ಪತ್ತೆ ಮಾಡಿದ್ದೇನೆ. ಮುಳ್ಳು ಮೂವತ್ತರ ಮೇಲಿದ್ದಾಗ ಖಂಡಪ್ಪ ಹೊಸ ಕಿಲೋಮೀಟರಿನ ಕಲ್ಲು ಎಣಿಸಿದ. ಲೆಕ್ಕ ಕೂಡಲಿಲ್ಲ. ಆಮೇಲೆ ನೋಡಿದರೆ ಇಂಗ್ಲಿಷ್ ಗಾಡಿಯ ಮುಳ್ಳು ಹೇಳುವುದು ಮೈಲು! ಜರ್ಮನರದು ಕಿಲೋಮೀಟರು ಇರಬೇಕಲ್ಲ? ಹಾಗಾದರೆ ನಿನ್ನ ನೂರು ಎಂದರೆ ಅರವತ್ತೆರಡು ಮೈಲು. ಇವರ ಎಪ್ಪತ್ತು ಎಂದರೆ ನೂರಾ ಹನ್ನೆರಡು ಕಿಲೋಮೀಟರು. ಪೇಟೆಯವರೆಲ್ಲ ನೂರು ಎಂದು ಕೇಳಿ ನಿನ್ನನ್ನು ಹೆಗಲ ಮೇಲೆ ಹೊತ್ತರಲ್ಲ, ಒಬ್ಬರಿಗೂ ಇದು ಹೊಳೆಯಲಿಲ್ಲವೇ? ನಿನಗೆ?

ಇನ್ನೊಂದು ಪರೀಕ್ಷೆ ಮಾಡೋಣ. ಹಿತ್ತಾಳೆ ತಂಬಿಗೆಯ ಕೊರಳ ತನಕ ನೀರು ತುಂಬಿ ಸೀಟಿನ ಕೆಳಗೆ ಇಟ್ಟು ಇಲ್ಲಿಂದ ಕುರನೂರಿಗೆ ಹೋಗಿ ಬಂದೆ. ಮೂರು ಬೆರಳು ಚೆಲ್ಲಿತು. ನೀನೂ ಅಷ್ಟೇ ದೂರ ಹೋಗಿ ಬಂದು ಖರೆ ಖರೆ ಬರೆ.

ಸುಗಲಾ

•

ಸೋಲಾಪುರ
೨೦-೪-೧೯೭೪

ಚಿ. ಸುಗಲಾ,

ನೀನು ಗಾಡಿ ಹೊಡೆಯುವುದನ್ನು ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಗಿರಾಕಿಗಳು ಚಾದರ ಬಿಟ್ಟು ನನ್ನನ್ನೇ ನೋಡಿದರು. ತಿರುವಿನಲ್ಲಿ ಬ್ರೇಕು ಒತ್ತಬೇಡ, ತಿರುವಿನ ಮೊದಲೇ ಒತ್ತು.

ತಂಬಿಗೆ ಪರೀಕ್ಷೆ ಮಾಡಿದೆ. ಒಂದೇ ಬೆರಳು ಚೆಲ್ಲಿತು. ಆದರೆ ನಿಮ್ಮ ವೈನಿ ಕಾಲಿನಿಂದ ತಂಬಿಗೆಯನ್ನು ಹಿಡಿದಿದ್ದಳೆಂದು ಕುಂಭಾರಿ ದಾಟಿದ ಮೇಲೆ ತಿಳಿಯಿತು. "ನಮ್ಮ ಗಾಡಿ ಸೋಲಬಾರದಲ್ರಿ" ಅಂದಳು. ಮತ್ತೆ ಮಾಡಿದೆ. ಎರಡು ಬೆರಳು. ಹಾದಿಯ ಸುಖದಲ್ಲಿ ಜರ್ಮನ್ ಹೆಚ್ಚು, ಬರೆದುಕೋ.

ಮೈಲು-ಕಿಲೋಮೀಟರಿನ ಮಾತು ಸರಿ ಇದೆ.

ಈ ಮೂರು ತಿಂಗಳಲ್ಲಿ ನಿನ್ನ ಕಾಗದದ ದಾರಿ ಕಾಯುವ ಹಾಗಾಗಿದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಪಂಚಮಿಯ ಆಸೆ ಇಟ್ಟುಕೊಳ್ಳಬೇಡ. ಆ ಶಬ್ದವನ್ನು ವಾಪಸು ತೆಗೆದುಕೊಳ್ಳುವ ತನಕ ಹೊಸಿಲು ತುಳಿಯೆನೆಂದು ಹತ್ತು ಮಂದಿಯ ಮುಂದೆ ಅಂದಿದ್ದೇನೆ. ಆಡಿದವನು ಈಗ ಇಲ್ಲ. ವಾಪಸು ತೆಗೆದುಕೊಳ್ಳುವವರು ಯಾರು?

ಕಲ್ಯಾಣಪ್ಪ

•

ಅಕ್ಕಲಕೋಟೆ
೫-೫-೧೯೭೪

ಅಣ್ಣಾ,

ವಾಪಸು ತೆಗೆದುಕೊಳ್ಳುವವಳು ನಾನಿದ್ದೇನೆ. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಸೋಲಾಪುರದವರು ನೀವು ಗಿರಣಿಯ ಭೋಂಗಾ ಕೇಳಿ ಏಳುತ್ತೀರಿ, ಭೋಂಗಾ ಕೇಳಿ ಉಣ್ಣುತ್ತೀರಿ. ಏಳರ ಭೋಂಗಾಕ್ಕೆ ಗಾಡಿ ಬಿಡುವೆನೆಂದು ನೀನು ಅಂದಿದ್ದೆ. ನಮ್ಮೂರಲ್ಲಿ ಭೋಂಗಾ ಎಲ್ಲಿದೆ? ಇವರು ದಿನಾ ಬೆಳಿಗ್ಗೆ ಪಡಸಾಲೆಯ ಗೋಡೆ ಗಡಿಯಾರ ನೋಡಿ ಕೈಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಪಂದ್ಯದ ದಿನ ಇವರು ಲಿಂಗಪೂಜೆಗೆ ಕೂತಾಗ ನಾನು ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನು ಐದು ನಿಮಿಷ ಹಿಂದೆ ಹಾಕಿದೆ. ಇವರು ಹೋದ ಮೇಲೆ ಮತ್ತೆ ಸರಿಮಾಡಿದೆ.

ಯಾಕೆ ಅಂತೀಯಾ? ಹಿಂದಿನ ದಿನ ಇವರು ನನ್ನನ್ನು ನಾಗಣಸೂರ ತನಕ ಕರೆದುಕೊಂಡು ಹೋಗಿದ್ದರು. ಆ ವೇಗ ನೋಡಿದ ಮೇಲೆ ನೀನು ಸೋಲುತ್ತೀ ಎಂದು ಗೊತ್ತಾಯಿತು. ನೀನು ಸೋತು ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಳದಲ್ಲಿ ನಿಲ್ಲುವುದನ್ನು ನೋಡಲಾರೆ ಅನ್ನಿಸಿತು. ಗಂಡ ಗೆದ್ದರೆ ಒಂದು ದಿನದ ಸಂತೋಷ, ಅಣ್ಣ ಸೋತರೆ ಎಷ್ಟು ದಿನದ ದುಃಖವೋ ಎಂದು ಲೆಕ್ಕ ಹಾಕಿದೆ. ನನ್ನ ಲೆಕ್ಕ ನೋಡು! ತವರಿಗಾಗಿ ಮಾಡಿದೆ, ತವರನ್ನೇ ಕಳೆದುಕೊಂಡೆ.

ಇವರು ತಾವು ಸರಿಯಾಗಿ ಏಳಕ್ಕೆ ಬಿಟ್ಟೆವೆಂದು ನಂಬಿದ್ದರು. ಅದಕ್ಕೇ ನಿನ್ನನ್ನು ಬೇಮಾನಿ ಅಂದರು. ಬೇಮಾನಿ ನಾನು. ಹತ್ತು ವರ್ಷ ಇವರ ತಟ್ಟೆಯ ಪಕ್ಕ ಕೂತು ಬಡಿಸಿದೆ, ಹೇಳುವ ಧೈರ್ಯ ಬರಲಿಲ್ಲ. ಕಡೆಯ ವಾರ ಹಾಸಿಗೆಯ ಮೇಲೂ, "ನಿಮ್ಮಣ್ಣ ಒಂದ ಸಲ ಒಪ್ಪಿಕೊಂಡಿದ್ರ ಸಾಕಿತ್ತ, ನಾ ನಕ್ಕ ಬಿಡ್ತಿದ್ದೆ" ಅಂದರು. ಆಗಲೂ ಹೇಳಲಿಲ್ಲ.

ಈಗ ನಿನಗೆ ಏನು ಅನ್ನಿಸುತ್ತದೋ ಅನ್ನು. ಆ ಶಬ್ದವನ್ನು ನಿನ್ನ ಮೇಲಿನಿಂದ ತೆಗೆದು ನನ್ನ ಮೇಲೆ ಹಾಕಿಕೊಂಡಿದ್ದೇನೆ.

ಸುಗಲಾ

•

ಸೋಲಾಪುರ
೧೨-೬-೧೯೭೪

ಸುಗಲಾಬಾಯಿಯವರಿಗೆ ನಿಮ್ಮ ವೈನಿ ಕಸ್ತೂರಬಾಯಿಯ ಶರಣು.

ನಾನು ಮರಾಠಿ ಸಾಲಿ ಕಲಿತವಳು, ತಪ್ಪು ಇದ್ದರೆ ಸಂಭಾಳಿಸಿ ಓದಿರಿ. ನಿಮ್ಮ ಕಾಗದ ಬಂದ ದಿನದಿಂದ ಇವರು ಸರಿಯಾಗಿ ಊಟ ಮಾಡುತ್ತಿಲ್ಲ. ಅಂಗಡಿಯಿಂದ ಬಂದು ಗಾಡಿಯೊಳಗೆ ಸುಮ್ಮನೆ ಕೂಡುತ್ತಾರೆ, ಚಾಲೂ ಮಾಡುವುದಿಲ್ಲ. ಕಾಗದದಲ್ಲಿ ಏನಿದೆ ಅಂದರೆ ಓದಲು ಕೊಡಲಿಲ್ಲ. "ಸಿಟ್ಟು ಬಂದದೇನ್ರಿ ತಂಗಿ ಮ್ಯಾಲ?" ಅಂತ ಕೇಳಿದೆ. "ತಂಗಿ ಮ್ಯಾಲ ಅಲ್ಲ" ಅಂದರು. ಪುಣೆಯವರು ಬಂದಿದ್ದರು, ಅವರನ್ನೂ ಬಾಗಿಲಿಂದಲೇ ಕಳಿಸಿದರು. ನೀವು ಕಾಳಜಿ ಮಾಡಬೇಡಿರಿ. ಮಾಡುತ್ತೀರೆಂದು ಗೊತ್ತು.

ಕಸ್ತೂರಬಾಯಿ

•

ಸೋಲಾಪುರ
೯-೭-೧೯೭೪

ಚಿ. ಸುಗಲಾ,

ಎರಡು ತಿಂಗಳು ತಡಮಾಡಿದೆ. ನೀನು ಹೇಳುವ ಧೈರ್ಯಕ್ಕೆ ಹನ್ನೆರಡು ವರ್ಷ ತೆಗೆದುಕೊಂಡೆ, ನನಗೆ ಎರಡು ತಿಂಗಳಾದರೂ ಬೇಡವೇ?

ಮುಂಬಯಿಯಿಂದ ಬರುವಾಗ ಖಂಡಾಳಾ ಘಾಟಿನಲ್ಲಿ ಅಮೃತಪ್ಪ, "ತಗೋ, ನೀನೂ ಒಮ್ಮೆ ಹೊಡದ ನೋಡು" ಎಂದು ತನ್ನ ಗಾಡಿ ನನಗೆ ಕೊಟ್ಟಿದ್ದ. ಏರಿನಲ್ಲಿ ಅದು ಹೋದ ಪರಿ ನೋಡಿಯೇ ನನ್ನದು ಅದಕ್ಕೆ ಸಮ ಬಾರದೆಂದು ತಿಳಿದುಹೋಯಿತು. ಆದರೂ ಪೇಟೆಯಲ್ಲಿ ಬಾಯಿ ಜೋರು ಮಾಡಿದೆ. ಪಂದ್ಯದ ದಿನ ಊರಂಚಿನ ಜಕಾತಿ ನಾಕೆಯ ಹತ್ತಿರ ಗಾಡಿ ನಿಲ್ಲಿಸಿಕೊಂಡಿದ್ದೆ. ಭೋಂಗಾಕ್ಕೆ ಮೂರು ನಿಮಿಷ ಇತ್ತು. ಸುತ್ತ ಯಾರೂ ಇರಲಿಲ್ಲ. ಬಿಟ್ಟೆ. ಭೋಂಗಾ ನನಗೆ ಹಾದಿಯಲ್ಲಿ, ಬೆನ್ನ ಹಿಂದೆ ಕೇಳಿಸಿತು.

ತಂಗಿ, ಅಮೃತಪ್ಪ ಆಡಿದ್ದು ಸುಳ್ಳಲ್ಲ. ನಾನು ಮೊದಲೇ ಬಿಟ್ಟಿದ್ದೆ. ಅವನು ನನ್ನ ಮುಖಕ್ಕೆ ಖರೆ ಹೇಳಿದ, ನಾನು ಅದನ್ನು ಅಪಮಾನ ಮಾಡಿಕೊಂಡು ಮೆರೆಸಿದೆ. ಪ್ರತಿ ಪಂಚಮಿಗೆ ಅಂಗಿ ತೊಟ್ಟು ಗಾಡಿಯ ತನಕ ಬರುತ್ತಿದ್ದೆ. ಸಿಟ್ಟಿನಿಂದ ನಿಂತದ್ದಲ್ಲ. ಅವನ ಎದುರಿಗೆ ಕೂತು ಉಣ್ಣುವ ಮುಖ ಇರಲಿಲ್ಲ. ಮಣ್ಣಿನ ದಿನವೂ ನೀರು ಕುಡಿಯದೆ ಬಂದದ್ದು ಅದಕ್ಕೇ.

ಈ ಪಂಚಮಿಗೆ ನಿನ್ನನ್ನು ಕರೆಯಲು ಬರಲೇ? ಬೇಡ ಅಂದರೆ ಬೇಸರವಿಲ್ಲ.

ಕಲ್ಯಾಣಪ್ಪ

•

ಅಕ್ಕಲಕೋಟೆ
೧೪-೭-೧೯೭೪

ಅಣ್ಣಾ,

ಓದಿದೆ. ಮೊದಲು ನಗು ಬಂತು. ಐದು ನಿಮಿಷ ನಾನು ಕದ್ದೆ, ಮೂರು ನಿಮಿಷ ನೀನು ಕದ್ದೆ. ಒಂದೇ ತಾಯಿಯ ಮಕ್ಕಳು ಎಂದು ಯಾರಾದರೂ ಹೇಳಬಹುದು. ಆಮೇಲೆ ಸಿಟ್ಟು ಬಂತು. ಇಡೀ ದಿನ ಬಂತು. ಖಂಡಪ್ಪನ ಮೇಲೆ, ಒಲೆಯ ಮೇಲೆ, ಎಲ್ಲದರ ಮೇಲೆ.

ಸಿಟ್ಟು ಇಳಿದ ಮೇಲೆ ಹಲಗೆ ಬಳಪ ಹಿಡಿದು ಕೂತೆ. ಎಂಟು ನಿಮಿಷ ಹಿಂದೆ ಬಿದ್ದೂ ಇವರು ಹತ್ತು ಮೈಲು ಬಂದಿದ್ದರು. ನೀನು ಎಂಟು ನಿಮಿಷ ಮುಂದೆ ಇದ್ದೂ ಹದಿನಾಲ್ಕು. ಇಬ್ಬರೂ ಸರಿಯಾಗಿ ಏಳಕ್ಕೇ ಬಿಟ್ಟಿದ್ದರೆ ಇವರು ವಳಸಂಗ ದಾಟಿ ಒಂದು ಮೈಲಾದರೂ ನಿಮ್ಮ ಕಡೆಗೆ ಬಂದಿರುತ್ತಿದ್ದರು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ ಬಂತು. ನೀರು ಚೆಲ್ಲದಿರುವುದರಲ್ಲಿ, ಬಾಗಿಲಿನಲ್ಲಿ, ಬೆನ್ನಿನ ಸುಖದಲ್ಲಿ ನಿನ್ನ ಗಾಡಿಯೇ ಹೆಚ್ಚು. ಓಟದಲ್ಲಿ ಇವರದು. ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಗಾಡಿ ಮಾರುವುದಿಲ್ಲವೆಂದು ಪುಣೆಗೆ ಬರೆದುಬಿಟ್ಟೆ.

ಗೆದ್ದ ಮನುಷ್ಯ ಸೋತೆನೆಂದು ತಿಳಿದು ಹತ್ತು ವರ್ಷ ಬದುಕಿ ಹೋದರು. ಮಾಡಿದವರು ನಾವಿಬ್ಬರು. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗಿ, ಉಂಡಿ ತಿಂದು ಜೋಕಾಲಿ ಆಡಿದರೆ ಆಯಿತೇ? ಅವರಿಗೆ ಯಾರು ಹೇಳುವವರು?

ಪಂಚಮಿಗೆ ಬಾ. ಆದರೆ ಮನೆಗೆ ಬರಬೇಡ. ಮೊದಲು ಕುರನೂರ ಹಾದಿಯ ನಮ್ಮ ಹೊಲಕ್ಕೆ ಬಾ, ಅಲ್ಲಿ ಸಮಾಧಿ ಇದೆ. ನನ್ನ ಮಾತು ನಾನು ಈ ಸೋಮವಾರವೇ ಹೇಳಿ ಬಂದೆ. ನಿನ್ನದನ್ನು ನೀನೇ ಹೇಳಬೇಕು, ಬಾಯಿಬಿಟ್ಟು. ಹೇಳಿದರೆ ನಿನ್ನ ಸಂಗಡ ತವರಿಗೆ ಬರುವೆ. ಆಗದಿದ್ದರೆ ಹೊಲದಿಂದಲೇ ತಿರುಗಿ ಹೋಗು, ನಾನು ಹದಿಮೂರನೆಯದನ್ನೂ ಕಳೆಯುವೆ.

ಸುಗಲಾ

•

ಸೋಲಾಪುರ
೪-೮-೧೯೭೪

ಚಿ. ಸುಗಲಾ,

ನೀನು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಎಂಟು ದಿನ ಎಂಟು ಗಳಿಗೆಯ ಹಾಗೆ ಹೋದವು. ತಂಗಿ ಸ್ವತಃ ಗಾಡಿ ಹೊಡೆದುಕೊಂಡು ತವರಿಗೆ ಬಂದಳು, ಅಣ್ಣ ಹಿಂದಿನಿಂದ ಬಂದ ಎಂದು ಚಾಟಿ ಗಲ್ಲಿ ಇನ್ನೂ ಮಾತಾಡುತ್ತಿದೆ. ಹಿಂದೆ ಯಾಕೆ ಬಿದ್ದಿರಿ ಎಂದು ಕೇಳಿದವರಿಗೆಲ್ಲ ಮೂರು ನಿಮಿಷದ ಸಂಗತಿ ಹೇಳಿದ್ದೇನೆ. ಕೆಲವರು ನಕ್ಕರು, ಕೆಲವರು ನನ್ನ ಅಂಗಡಿಯ ಕಟ್ಟೆ ಇಳಿದು ಹೋದರು. ಹೋಗಲಿ.

ಹೊಲದಲ್ಲಿ ನಾನು ಏನು ಹೇಳಿದೆನೆಂದು ನೀನು ಕೇಳಲಿಲ್ಲ. ನೀನು ದೂರ ಬದುವಿನ ಹತ್ತಿರ ಗಾಡಿಯಲ್ಲಿ ಕೂತೇ ಇದ್ದೆ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಚಪ್ಪಲಿ ಬಿಟ್ಟು ಕೈ ಮುಗಿದೆ. ಆಮೇಲೆ "ಅಮೃತಪ್ಪಾ, ನೀ ಅಂದದ್ದು ಖರೆ. ನಾ ಮೊದ್ಲ ಬಿಟ್ಟಿದ್ದೆ" ಅಂದೆ. ಅಷ್ಟೇ ಹೇಳಿ ಬರಬೇಕೆಂದಿದ್ದೆ, ನಿಲ್ಲಿಸಲು ಆಗಲಿಲ್ಲ. ಜರ್ಮನ್ ಗಾಡಿಯ ಹೊಸ ಟಾಯರಿನ ಮಾತು ಹೇಳಿದೆ. ಪುಣೆಯ ರಸ್ತೆ ಅಗಲ ಮಾಡಿದ್ದು ಹೇಳಿದೆ, ಪೆಟ್ರೋಲಿನ ಮಾತು, ನಿಮ್ಮ ವೈನಿ ತಂಬಿಗೆ ಹಿಡಿದ ಮಾತು. ಹನ್ನೆರಡು ವರ್ಷದಲ್ಲಿ ನನ್ನ ಹತ್ತಿರ ಗಾಡಿಯ ಬಗ್ಗೆ ಸರಿಯಾಗಿ ಜಗಳಾಡುವವರು ಒಬ್ಬರೂ ಸಿಗಲಿಲ್ಲ, ತಂಗಿ. ಎಲ್ಲರೂ ನಾನು ಅಂದದ್ದಕ್ಕೆ ಹೌದು ಹೌದು ಅನ್ನುವವರೇ.

ಹೇಳುವುದೆಲ್ಲ ಮುಗಿಯಿತು. ಈಗ ಅವನು ಬಯ್ಯುತ್ತಾನೆ ಎಂದು ಬಹಳ ಹೊತ್ತು ನಿಂತಿದ್ದೆ. ಆಗ ನೀನು ಹಾರ್ನು ಹೊಡೆದೆ. ನಾನು ಬಂದುಬಿಟ್ಟೆ.

ನಿನ್ನ ಅಣ್ಣ
ಕಲ್ಯಾಣಪ್ಪ